ಮಗ್ಗದ ಮನೆಯ ಕೈಮಾತು

ನಮ್ಮ ಮನೆಯಲ್ಲಿ ಹಗಲು ಹೊತ್ತಿನಲ್ಲಿ ಬಾಯಿಬಿಟ್ಟು ಮಾತಾಡಿದವರು ಹೊಸಬರು ಅಂತಲೇ ತಿಳಿಯಬೇಕು. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಕರೆಂಟಿನ ಮಗ್ಗವಿಲ್ಲದ ಮನೆ ಹುಡುಕಿದರೂ ಸಿಗುವುದಿಲ್ಲ. ನಮ್ಮಲ್ಲಿ ನಾಲ್ಕಿವೆ. ಮಾವನವರು ಇದ್ದಾಗ ಪಡಸಾಲೆಯ ನಡುಗೋಡೆ ಕೆಡವಿಸಿ ಹಾಕಿಸಿದವು. ಅಡುಗೆಮನೆಗೂ ಅವಕ್ಕೂ ನಡುವೆ ಇರುವುದು ಒಂದು ತೆಳ್ಳನೆಯ ಗೋಡೆ, ಅದಕ್ಕೆ ಕದವಿಲ್ಲದ ಒಂದು ಬಾಗಿಲು. ಬೆಳಿಗ್ಗೆ ಗುಂಡಿ ಒತ್ತಿದರೆ ಲಾಳಿ ಅತ್ತಿಂದಿತ್ತ ಬಡಿಯಲು ಶುರುವಾಗುತ್ತದೆ, ಸಂಜೆಯವರೆಗೆ ಜಗಲಿಯ ಮೇಲಿನ ದೇವರ ಫೋಟೋ ಕೂಡ ನಡುಗುತ್ತಲೇ ಇರುತ್ತದೆ. ಆ ಸಪ್ಪಳದಲ್ಲಿ ಒಬ್ಬರ ಕಿವಿಗೆ ಇನ್ನೊಬ್ಬರು ಬಾಯಿಟ್ಟು ಒದರಿದರೂ ಅರ್ಧ ಮಾತು ಮುಟ್ಟುವುದಿಲ್ಲ. ಹಾಗಾಗಿ ನಮ್ಮವರು ಬಾಯಿಯ ಗೊಡವೆಗೇ ಹೋಗದೆ ಕೈಯಲ್ಲಿ ಮಾತಾಡುತ್ತಾರೆ.

ನನ್ನ ತವರು ಬೆಳವಣಕಿ. ಅಪ್ಪನದು ಕಿರಾಣಿ ಅಂಗಡಿ. ಅಂಗಡಿಯಲ್ಲಿ ಬೆಳೆದವಳ ಬಾಯಿ ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಮದುವೆಯಾಗಿ ಬಂದ ಮೊದಲ ವಾರ ಒದರಿ ಒದರಿ ಗಂಟಲು ಕೂತುಹೋಯಿತು. ಅತ್ತೆ ಸೆರಗನ್ನು ಬಾಯಿಗೆ ಹಿಡಿದು ನಕ್ಕು, ಅಡುಗೆಮನೆಗೆ ಕರೆದುಕೊಂಡು ಹೋಗಿ ಒಂದೊಂದೇ ಕಲಿಸಿದರು. ಎಳೆ ಹರಿದರೆ ಎರಡು ಬೆರಳನ್ನು ಕತ್ತರಿಯಾಡಿಸಬೇಕು. ಸೀರೆ ಒಯ್ಯುವ ಸಾವಕಾರ ಬಂದರೆ ಹೊಟ್ಟೆಯ ಮುಂದೆ ದೊಡ್ಡ ಬುಟ್ಟಿ ಹಿಡಿದಂತೆ ಕೈ ಮಾಡಬೇಕು. ಬೀಗರು ಬಂದರೆ ತಲೆಗೆ ಪಟಗ ಸುತ್ತಿದಂತೆ ಬೆರಳು ತಿರುಗಿಸಬೇಕು, ಸಾವಿನ ಸುದ್ದಿ ಬಂದರೆ ಅಂಗೈ ಮಗುಚಬೇಕು. ಆರು ತಿಂಗಳಲ್ಲಿ ನಾನು ಪಳಗಿದೆ. ಗಂಡನ ಜೊತೆ ಜಗಳವನ್ನೂ ಕೈಯಲ್ಲೇ ಆಡುವುದನ್ನು ಕಲಿತೆ. ಅದರಲ್ಲಿ ಒಂದೇ ತೊಂದರೆ, ಅವರು ಮುಖ ತಿರುಗಿಸಿಕೊಂಡರೆ ಜಗಳ ಅಲ್ಲಿಗೇ ಮುಗಿಯಿತು.

ಇಷ್ಟನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನನ್ನ ಮಗಳಿಗೆ ಕಿವಿ ಕೇಳಿಸುವುದಿಲ್ಲ ಅನ್ನುವುದು ನನಗೆ ಗೊತ್ತಾದದ್ದು ಅವಳಿಗೆ ಐದು ವರ್ಷ ತುಂಬಿದ ಮೇಲೆ. ತಾಯಿಯಾಗಿ ಐದು ವರ್ಷ ಏನು ಮಾಡುತ್ತಿದ್ದೆ ಅಂತ ಎಲ್ಲರೂ ಕೇಳುತ್ತಾರೆ. ಕೆಲವರು ಬಾಯಿಂದ, ಕೆಲವರು ಕಣ್ಣಿಂದ. ಅವರಿಗೆ ನಾನು ಈ ಮನೆಯನ್ನೇ ತೋರಿಸಬೇಕು.

ಬಾಣಂತನ ಮುಗಿಸಿ ತವರಿನಿಂದ ಬಂದು ನಾನು ಮಗ್ಗಕ್ಕೆ ನಿಂತಾಗ ಅವಳ ತೊಟ್ಟಿಲನ್ನು ಮಗ್ಗಗಳ ಮೇಲಿನ ತೊಲೆಗೇ ಕಟ್ಟಿದ್ದೆವು. ಬೇರೆ ಜಾಗ ಎಲ್ಲಿತ್ತು? ದೊಡ್ಡವರ ಎದೆಯೇ ಅದುರುವ ಆ ಸಪ್ಪಳದ ನಡುವೆ ಕೂಸು ಹಾಯಾಗಿ ಮಲಗುತ್ತಿತ್ತು. ಓಣಿಯ ಹೆಂಗಸರು ನೋಡಿ, ನೇಕಾರರ ಕೂಸು ಅಂದರೆ ಹೀಗಿರಬೇಕು ಅಂದರು. ನಮ್ಮ ಓಣಿಯ ಕೂಸುಗಳೆಲ್ಲ ಸಪ್ಪಳಕ್ಕೆ ಒಗ್ಗಿಯೇ ಬೆಳೆಯುತ್ತವೆ, ಅದರಲ್ಲಿ ಅನುಮಾನಪಡುವಂಥದ್ದು ಏನೂ ಕಾಣಲಿಲ್ಲ. ವರ್ಷ ತುಂಬುವ ಮೊದಲೇ ಅವಳು ಕೈ ಮಾಡಿ ಹಾಲು ಕೇಳಿದಳು. ಎರಡನೆಯ ವರ್ಷಕ್ಕೆ, ಸಾವಕಾರ ಬಾಗಿಲಲ್ಲಿ ಕಂಡರೆ ಸಾಕು, ಓಡಿ ಬಂದು ಹೊಟ್ಟೆಯ ಮುಂದೆ ಬುಟ್ಟಿ ಹಿಡಿದು ತೋರಿಸುತ್ತಿದ್ದಳು. ಸಾವಕಾರನೂ ನಗುತ್ತಿದ್ದ. ಇಷ್ಟು ಶಾಣ್ಯಾ ಕೂಸು ಓಣಿಯಲ್ಲಿ ಇನ್ನೊಂದಿಲ್ಲ ಅಂತ ಅತ್ತೆ ವಾರಕ್ಕೊಮ್ಮೆ ದೃಷ್ಟಿ ತೆಗೆಯುತ್ತಿದ್ದರು.

ಮಾತು ಮಾತ್ರ ಬರಲಿಲ್ಲ. ಅವಳ ಅಪ್ಪನೂ ನಾಲ್ಕು ತುಂಬುವವರೆಗೆ ತುಟಿ ಬಿಚ್ಚಿರಲಿಲ್ಲ ಅಂತ ಅತ್ತೆ ಹೇಳಿದರು. ಅದು ಖರೆಯೂ ಇರಬಹುದು, ಅವರು ಈಗಲೂ ಅಳೆದು ತೂಗಿಯೇ ಮಾತಾಡುವವರು. ಬಜೆ ಬೇರನ್ನು ಜೇನುತುಪ್ಪದಲ್ಲಿ ತೇಯ್ದು ನಾಲಿಗೆಗೆ ಹಚ್ಚಿದೆವು. ಇಟಗಿ ಭೀಮಮ್ಮನಿಗೆ ಹರಕೆ ಹೊತ್ತೆವು. ಮೂರೂವರೆ ವರ್ಷವಾದಾಗ ಅಂಗನವಾಡಿಯ ಟೀಚರು ನನ್ನನ್ನು ಬದಿಗೆ ಕರೆದು, ಒಮ್ಮೆ ಕಿವಿ ತೋರಿಸಿಕೊಂಡು ಬರ್ರಿ ಅಂದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕಲಿಸಲು ಬಾರದಿದ್ದರೆ ಬಾರದು ಅಂತ ಹೇಳು, ನನ್ನ ಮಗಳ ಕಿವಿಗೆ ಯಾಕೆ ಗಂಟುಬೀಳುತ್ತೀ ಅಂತ ಹತ್ತು ಜನ ತಾಯಂದಿರ ಮುಂದೆ ಅಂದು, ಮಗಳನ್ನು ಎತ್ತಿಕೊಂಡು ಬಂದುಬಿಟ್ಟೆ. ಮತ್ತೆ ಕಳಿಸಲಿಲ್ಲ. ಆ ಟೀಚರು ಈಗಲೂ ಸಂತೆಯಲ್ಲಿ ಎದುರಾಗುತ್ತಾರೆ. ಚೆನ್ನಾಗಿಯೇ ಮಾತಾಡಿಸುತ್ತಾರೆ, ತಲೆ ಎತ್ತಲು ಆಗದವಳು ನಾನು.

ಅವಳಿಗೆ ಐದು ತುಂಬಿದ ಬೇಸಿಗೆಯಲ್ಲಿ ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿ ನಾಲ್ಕು ದಿನ ಕರೆಂಟಿರಲಿಲ್ಲ. ಕರೆಂಟು ಹೋಗುವುದು ನಮಗೆ ಹೊಸದಲ್ಲ. ಆದರೆ ಒಂದು ತಾಸು ಎರಡು ತಾಸು ಹೋದರೆ ನಾವು ಕೈ ಬಿಟ್ಟು ಬಾಯಿಗೆ ಬರುವುದೇ ಇಲ್ಲ. ರಾತ್ರಿ ಮಗ್ಗ ನಿಂತ ಮೇಲೆ ಬಾಯಿಂದ ಮಾತಾಡಿದರೂ ಕೈ ತನ್ನ ಪಾಡಿಗೆ ತಾನು ಆಡುತ್ತಿರುತ್ತದೆ. ನಾಲ್ಕು ದಿನ ಅಂದಾಗ ಮನೆಯೊಳಗೆ ಗಡಿಯಾರದ ಸದ್ದೂ ಕೇಳಿಸತೊಡಗಿತು. ಎರಡನೆಯ ದಿನ ಮಧ್ಯಾಹ್ನ ಮಗಳು ಹೊಸ್ತಿಲ ಮೇಲೆ ಬೀದಿಗೆ ಮುಖ ಮಾಡಿ ಕೂತು, ನೂಲು ಮುಗಿದ ಖಾಲಿ ಕಂಡಿಕೆಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಊಟಕ್ಕೆ ಕರೆದೆ. ಮತ್ತೆ ಕರೆದೆ. ಬೆನ್ನ ಹಿಂದೆಯೇ ಹೋಗಿ ನಿಂತು ಕರೆದೆ. ಪಕ್ಕದ ಮನೆಯ ಮುದುಕಿ ತನ್ನ ಕಟ್ಟೆಯಿಂದ ತಿರುಗಿ ನೋಡಿದಳು, ಇವಳು ನೋಡಲಿಲ್ಲ. ಕೈಯಲ್ಲಿದ್ದ ಹಿತ್ತಾಳೆಯ ತಂಬಿಗೆಯನ್ನು ಕಲ್ಲಿನ ಮೇಲೆ ಬಿಟ್ಟುಬಿಟ್ಟೆ. ಅದು ಸಪ್ಪಳ ಮಾಡುತ್ತ ಉರುಳಿ ಹೋಗಿ ಅವಳ ಕಾಲಿಗೆ ತಾಗಿತು. ಆಗ ತಿರುಗಿದಳು. ತಂಬಿಗೆ ಎತ್ತಿ ನನಗೆ ಕೊಟ್ಟು ನಕ್ಕಳು. ನಾನು ತಂಬಿಗೆ ಹಿಡಿದುಕೊಂಡೇ ಹೊಸ್ತಿಲ ಮೇಲೆ ಅವಳ ಪಕ್ಕದಲ್ಲಿ ಕೂತೆ.

ಅತ್ತೆ ನಂಬಲಿಲ್ಲ. ಸಂಜೆಯವರೆಗೆ ತಾಟು, ಪರಾತ, ಕಬ್ಬಿಣದ ಸಲಾಕೆ, ಕೈಗೆ ಸಿಕ್ಕಿದ್ದನ್ನೆಲ್ಲ ಅವಳ ಬೆನ್ನ ಹಿಂದೆ ಬಡಿದು ನೋಡಿದರು. ಮಗ್ಗ ನಿಂತು ಸುಮ್ಮನೆ ಕೂತಿದ್ದ ನನ್ನ ಗಂಡ ಎಲ್ಲವನ್ನೂ ನೋಡಿದರು.

"ಕೈಲೆ ಮಾತಾಡಿ ಮಾತಾಡಿ ನಾವ ಮೂರೂ ಮಂದಿ ಕೂಡಿ ಇಕಿ ಕಿವುಡ ಮುಚ್ಚಿಟ್ಟಂಗಾತಲ್ಲ," ಅಂದರು.

ಸರ್ಕಾರಿ ದವಾಖಾನೆಯ ಡಾಕ್ಟರು ಒಳ್ಳೆಯ ಮನುಷ್ಯ. ಕಿವಿಯೊಳಗೆ ಯಂತ್ರ ಕೂಡಿಸುವ ಒಂದು ಆಪರೇಷನ್ ಇದೆ, ಸರ್ಕಾರಿ ಆರೋಗ್ಯ ಕಾರ್ಡಿನ ಮೇಲೆ ಅದು ಆಗುತ್ತದೆ ಅಂತ ತಿಳಿಸಿ ಹೇಳಿದರು. ಆದರೆ ಮಗುವಿಗೆ ಆರು ತುಂಬುವುದರೊಳಗೆ ಕಡತ ಮೇಲಿನವರಿಗೆ ಮುಟ್ಟಬೇಕು. ಅದಕ್ಕೂ ಮೊದಲು ಆಡಿಯಾಲಜಿಸ್ಟ್ ಅನ್ನುವವರು, ಅಂದರೆ ಕಿವಿ ಎಷ್ಟು ಕೇಳಿಸುತ್ತದೆ ಅಂತ ಯಂತ್ರದಿಂದ ಅಳೆಯುವವರು, ಪರೀಕ್ಷೆ ಮಾಡಿ ಬರೆದುಕೊಡಬೇಕು. ಅದೂ ಕಾರ್ಡು ನಡೆಯುವ ಕಡೆಯೇ ಆಗಬೇಕು. ರೊಕ್ಕ ಕೊಟ್ಟರೆ ಹುಬ್ಬಳ್ಳಿಯಲ್ಲಿ ನಾಳೆಯೇ ಆಗುತ್ತದೆ, ಆದರೆ ಆ ಕಾಗದ ಈ ಕಡತಕ್ಕೆ ಬರುವುದಿಲ್ಲ. ಅಂಥವರು ನಮ್ಮ ಕಡೆ ಎಲ್ಲಿದ್ದಾರೆ ಅಂತ ಕೇಳಿದೆ. ತಮಗೂ ಖಾತ್ರಿಯಿಲ್ಲ, ರೋಣದಲ್ಲೋ ನರಗುಂದದಲ್ಲೋ ಇರಬಹುದು, ವಿಚಾರಿಸಬೇಕು ಅಂದರು. ಮಗಳು ಹುಟ್ಟಿದ್ದು ಮಾರ್ಚಿಯ ಮೊದಲ ವಾರ. ಇದು ಏಪ್ರಿಲ್. ಹನ್ನೊಂದು ತಿಂಗಳಿವೆಯಲ್ಲ, ಬೇಕಾದಷ್ಟಾಯಿತು ಅಂದುಕೊಂಡೆ.

ಮೊದಲು ಗೊತ್ತಾದದ್ದು ಕಾರ್ಡೇ ಇಲ್ಲ ಅನ್ನುವುದು. ರೇಷನ್ ಕಾರ್ಡಿನಲ್ಲಿ ಹೆಸರಿದ್ದರೆ ಆರೋಗ್ಯ ಕಾರ್ಡು, ರೇಷನ್ ಕಾರ್ಡಿನಲ್ಲಿ ಮಗಳ ಹೆಸರನ್ನು ನಾವು ಸೇರಿಸಿಯೇ ಇರಲಿಲ್ಲ. ನಾಳೆ ಮಾಡಿದರಾಯಿತು ಅಂತ ಐದು ವರ್ಷ ದೂಡಿದ್ದೆವು. ಸೇರಿಸಲು ಹೋದರೆ ಸದ್ಯಕ್ಕೆ ಹೆಸರು ಸೇರಿಸುವುದು ಬಂದ್ ಅಂದರು. ಅದು ಮತ್ತೆ ತೆರೆಯುವ ಹೊತ್ತಿಗೆ ಹೊಲದಲ್ಲಿ ಮುಂಗಾರಿನ ಹೆಸರುಕಾಳು ಬಿತ್ತಿ ಮೊಳಕೆ ಬಂದಿತ್ತು.

ಕಾರ್ಡು ಕೈಗೆ ಬಂದ ಮೇಲೆ ನರಗುಂದಕ್ಕೆ ಹೋದೆವು. ಅಲ್ಲೊಂದು ಔಷಧದ ಅಂಗಡಿಯ ಹಿಂದಿನ ಖೋಲಿಗೆ ಹದಿನೈದು ದಿನಕ್ಕೊಮ್ಮೆ ಕಿವಿ ನೋಡುವವನೊಬ್ಬ ಬರುತ್ತಾನೆ ಅಂತ ಯಾರೋ ಹೇಳಿದ್ದರು. ಗರಿಗರಿ ಅಂಗಿ ತೊಟ್ಟ ಮನುಷ್ಯ. ಮಗಳನ್ನು ಸ್ಟೂಲಿನ ಮೇಲೆ ಕೂಡಿಸಿ, ನನ್ನನ್ನು ಅವಳ ಎದುರಿಗೆ ನಿಲ್ಲಿಸಿ, ತಾನು ಅವಳ ಹಿಂದೆ ನಿಂತು ಚಪ್ಪಾಳೆ ಹೊಡೆದ. ಅವಳು ತಟ್ಟನೆ ತಿರುಗಿ ಅವನನ್ನು ನೋಡಿದಳು. ಮತ್ತೊಮ್ಮೆ ಹೊಡೆದ, ಮತ್ತೆ ತಿರುಗಿದಳು. ಪೂರಾ ಕಿವುಡಲ್ಲ, ಸ್ವಲ್ಪ ಮಂದ ಇದೆ ಅಷ್ಟೇ, ತನ್ನ ಹತ್ತಿರವೇ ಕಿವಿಗೆ ಹಾಕುವ ಮಷಿನ್ ಕೊಂಡರೆ ಸರಿಹೋಗುತ್ತದೆ ಅಂದ. ಕಾರ್ಡು ತೋರಿಸಿದರೆ, ಅದು ಇಲ್ಲಿ ನಡೆಯುವುದಿಲ್ಲ ಅಂತ ಕೈಯಾಡಿಸಿದ. ನಡೆಯದಿದ್ದರೆ ಅಷ್ಟೇ ಹೋಯಿತು, ಮಗಳಿಗೆ ಕೇಳಿಸುತ್ತದಲ್ಲ! ಬಸ್ಸಿನಲ್ಲಿ ಮನೆ ಬರುವವರೆಗೆ ನನಗೆ ನೆಲದ ಮೇಲೆ ಕಾಲಿರಲಿಲ್ಲ. ಅತ್ತೆ ಹೋಳಿಗೆ ಮಾಡಿದರು.

ಆ ಹೋಳಿಗೆಗೆ ನಾವು ಎರಡು ತಿಂಗಳು ತೆತ್ತೆವು. ಆ ಮಷಿನ್ ಕೊಳ್ಳಲು ಒಂದೊಂದೇ ಸೀರೆ ಹೆಚ್ಚಿಗೆ ನೇಯುತ್ತ, ಇವತ್ತು ತಿರುಗಿದಳು, ನಾಳೆ ಇನ್ನಷ್ಟು ತಿರುಗುತ್ತಾಳೆ ಅನ್ನುತ್ತ ಕಳೆದೆವು. ನಾನು ಎದುರಿಗಿದ್ದು ಅತ್ತೆ ಹಿಂದಿನಿಂದ ಚಪ್ಪಾಳೆ ಹೊಡೆದರೆ ಮನೆಯಲ್ಲೂ ತಿರುಗುತ್ತಿದ್ದಳು. ಒಂದು ದಿನ ನನ್ನ ಗಂಡ ಮಗ್ಗ ನಿಲ್ಲಿಸಿ ಬಂದವರು, ನನ್ನನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲು ಅಂದರು. ನಿಂತೆ. ಅವರು ಚಪ್ಪಾಳೆ ಹೊಡೆಯುವುದು ಕೇಳಿಸಿತು. ಮತ್ತೆ ಮತ್ತೆ ಹೊಡೆದರು. ಆಮೇಲೆ ಹೊಡೆಯುವುದನ್ನು ಬಿಟ್ಟರು.

ಅವಳು ಚಪ್ಪಾಳೆಗೆ ತಿರುಗುತ್ತಿರಲಿಲ್ಲ, ನನ್ನ ಕಣ್ಣಿಗೆ ತಿರುಗುತ್ತಿದ್ದಳು. ಹಿಂದೆ ನಿಂತವರನ್ನು ನಾನು ನೋಡಿದರೆ ಸಾಕು, ಅಲ್ಲೇನೋ ಇದೆ ಅಂತ ಅವಳಿಗೆ ತಿಳಿಯುತ್ತಿತ್ತು. ಮಗ್ಗದ ಮನೆಯ ಮಕ್ಕಳಿಗೆ ಅದು ಹಾಲಿನ ಜೊತೆಗೇ ಬಂದ ವಿದ್ಯೆ. ಆ ಗರಿಗರಿ ಅಂಗಿಯವನಿಗೆ ಅದು ಗೊತ್ತಿರಲಿಲ್ಲ ಅಂತ ಬಿಡಬಹುದು. ನನಗೆ ಗೊತ್ತಿರಬೇಕಿತ್ತು.

ಆಮೇಲೆ ರೋಣಕ್ಕೆ. ಅಲ್ಲಿ ಕಿವಿ ಮೂಗು ಗಂಟಲಿನ ಒಂದು ಖಾಸಗಿ ದವಾಖಾನೆಯ ಮುಂದೆ ಕಾರ್ಡಿನ ಚಿತ್ರವಿರುವ ಬೋರ್ಡನ್ನೇ ಹಾಕಿದ್ದರು. ಅದನ್ನು ನೋಡಿ ನನ್ನ ಗಂಡ ಕೈ ಮುಗಿದರು, ಗುಡಿಗೆ ಮುಗಿದಂತೆ. ಒಳಗೆ ಎರಡು ತಾಸು ಕೂತ ಮೇಲೆ ಕೌಂಟರಿನವನು ಹೇಳಿದ್ದು ಇಷ್ಟೇ, ಕಾರ್ಡು ಅಡ್ಮಿಟ್ ಆದವರಿಗೆ ಮಾತ್ರ, ಬರೀ ಪರೀಕ್ಷೆಗೆ ನಡೆಯುವುದಿಲ್ಲ. ಹಾಗಿದ್ದರೆ ಒಂದು ದಿನ ಅಡ್ಮಿಟ್ ಮಾಡಿಕೊಳ್ಳಿ ಅಂದೆ. ಯಾವ ಜಡ್ಡಿಗೆ ಅಂತ ಕೇಳಿದ. ಕಿವುಡು ಅಂದೆ.

"ಕಿವುಡ ಜಡ್ಡಲ್ರಿ ಅಕ್ಕಾರ," ಅಂದ. "ಹಾಸಿಗಿ ಮ್ಯಾಲೆ ಮಲಗೂವಂಥಾದ್ದು ಏನರ ಇದ್ರ ಹೇಳ್ರಿ."

ನನ್ನ ಬಾಯಿ ಸುಮ್ಮನಿರಲಿಲ್ಲ. ಮಗಳ ಕಾಲು ಮುರಿದುಕೊಂಡು ಬರುತ್ತೇನೆ, ಆಗಲಾದರೂ ಕಿವಿ ನೋಡುತ್ತೀರಾ ಅಂದೆ. ಅವನು ಮುಂದಿನವರನ್ನು ಕರೆದ. ನನ್ನ ಗಂಡ ನನ್ನ ತೋಳು ಹಿಡಿದು ಹೊರಗೆ ತಂದರು. ಮಗಳು ನಮ್ಮಿಬ್ಬರ ಮುಖವನ್ನೂ ನೋಡಿ, ಅಂವ ಕೆಟ್ಟವನೇ ಅಂತ ಕೈಯಲ್ಲಿ ಕೇಳಿದಳು. ಹೌದು ಅಂದೆ. ಅವಳು ಬಾಗಿಲಿನ ಕಡೆಗೆ ಹೊರಳಿ ಅವನಿಗೆ ನಮ್ಮ ಓಣಿಯ ಒಂದು ಬೈಗುಳವನ್ನು ಕೈಯಲ್ಲೇ ಬೈದಳು. ಆ ದಿನ ನಾವು ನಕ್ಕದ್ದು ಅದೊಂದೇ ಸಲ.

ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಅಂಗಡಿಯಲ್ಲಿ ಕಾರ್ಡು ನಡೆಯುವ ಜಾಗಗಳ ಪಟ್ಟಿ ತೆಗೆಸಿದೆವು. ಕಿವಿ ಪರೀಕ್ಷೆಗೆ ಒಂದೇ ಒಂದು ವಿಳಾಸವಿತ್ತು, ಅದೂ ಅದೇ ಊರಿನದು. ಹುಡುಕಿಕೊಂಡು ಹೋದರೆ ಅಲ್ಲಿ ಸುಣ್ಣ ಬಣ್ಣದ ಅಂಗಡಿ. ಮುದುಕ ಮಾಲೀಕ ನಮ್ಮನ್ನು ನೋಡಿದ ಕೂಡಲೇ ಒಳಗಿನಿಂದ ನೀರು ತರಿಸಿದ. ಆ ದವಾಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು, ಈ ವಾರದಲ್ಲಿ ಬಂದವರಲ್ಲಿ ನೀವು ಮೂರನೆಯವರು ಅಂದ. ಪಾಪ, ಅವನದೇನು ತಪ್ಪು? ನೀರು ಕುಡಿದು ಎದ್ದೆವು.

ಅಷ್ಟರಲ್ಲಿ ದಸರೆ ಮುಗಿದಿತ್ತು. ನಾನು ಎದುರಾದವರನ್ನೆಲ್ಲ ಕೇಳತೊಡಗಿದ್ದೆ. ಬಳೆಗಾರ್ತಿ, ಕಂಡಕ್ಟರ್, ಬೀಗರು, ಯಾರನ್ನೂ ಬಿಡಲಿಲ್ಲ. ಕೊನೆಗೆ ಸಿಕ್ಕಿದ್ದು ಬಸ್ಸಿನಲ್ಲಿ. ಸೂಡಿಯ ಒಬ್ಬ ಹೆಣ್ಣುಮಗಳು ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದಳು, ಅವಳ ಮಡಿಲಲ್ಲಿದ್ದ ಕೂಸಿನ ಕಿವಿಯ ಮೇಲೆ, ತಲೆಗೆ ಅಂಟಿಕೊಂಡಂತೆ, ಗುಂಡನೆಯ ಒಂದು ಯಂತ್ರ. ನಾನು ಎದ್ದು ಹೋಗಿ ಅವಳ ಕೈ ಹಿಡಿದೆ. ಏನು ಕೇಳಿದೆನೋ ನನಗೇ ನೆನಪಿಲ್ಲ. ಅವಳು ತನ್ನ ಕೂಸಿನ ಹೆಸರು ಹಿಡಿದು ಮೆಲ್ಲಗೆ ಕರೆದಳು, ಕಿಟಕಿಯ ಹೊರಗೆ ನೋಡುತ್ತಿದ್ದ ಕೂಸು ತಿರುಗಿತು. ನನಗೆ ಅಷ್ಟು ಹೊಟ್ಟೆಕಿಚ್ಚು ಜೀವಮಾನದಲ್ಲಿ ಎಂದೂ ಆಗಿಲ್ಲ.

ಅವಳು ಹೇಳಿದ ಜಾಗ ನರಗುಂದದಾಚೆ, ರಸ್ತೆಗೆ ಹತ್ತಿಕೊಂಡೇ ಇರುವ ಒಂದು ಸಣ್ಣ ದವಾಖಾನೆ. ಹೊರಗೆ ಹೆರಿಗೆ, ಕಣ್ಣು ಅಂತಷ್ಟೇ ಬರೆದಿದೆ. ಆದರೆ ಗುರುವಾರಕ್ಕೊಮ್ಮೆ ಅಲ್ಲಿಗೆ ಆಡಿಯಾಲಜಿಸ್ಟ್ ಬರುತ್ತಾರೆ, ಮಗುವನ್ನು ಒಂದು ದಿನದ ಮಟ್ಟಿಗೆ ಅಡ್ಮಿಟ್ ಅಂತ ಬರೆದುಕೊಂಡು ಕಾರ್ಡಿನ ಮೇಲೆಯೇ ಪರೀಕ್ಷೆ ಮಾಡುತ್ತಾರೆ. ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಯಾರೂ ಬರೆದು ಹಾಕಿಲ್ಲ.

ಅಲ್ಲಿದ್ದದ್ದು ಇಪ್ಪತ್ತೈದು ದಾಟಿರದ ಹುಡುಗಿ. ಎಲ್ಲರೂ ಮೇಡಮ್ ಅನ್ನುತ್ತಿದ್ದರು, ನಾನೂ ಅಂದೆ. ಮಗು ಪೂರಾ ನಿದ್ದೆಯಲ್ಲಿದ್ದಾಗ ತಲೆಗೆ ತಂತಿ ಅಂಟಿಸಿ ನೋಡುವ ಪರೀಕ್ಷೆ ಅದು. ಮೊದಲ ಗುರುವಾರ ಮಗಳು ಮಲಗಲೇ ಇಲ್ಲ. ಹೊಸ ಜಾಗ, ಎಲ್ಲರ ಮುಖ ಓದುವುದರಲ್ಲೇ ಹಗಲು ಕಳೆದಳು. ಎರಡನೆಯ ಗುರುವಾರ ದವಾಖಾನೆಯೇ ರಜೆ. ಮೂರನೆಯದಕ್ಕೆ ಮಲಗಿದಳು. ಯಂತ್ರದ ಪರದೆಯ ಮೇಲೆ ಗೆರೆ ಏಳಬೇಕಾದಲ್ಲಿ ಏಳಲಿಲ್ಲ, ನನಗೂ ಕಂಡಿತು. ಎರಡೂ ಕಿವಿ ಕೇಳಿಸುವುದಿಲ್ಲ, ಹುಟ್ಟಿನಿಂದಲೇ ಇಲ್ಲ ಅಂದರು ಮೇಡಮ್. ಮಗ್ಗದ ಸಪ್ಪಳದಿಂದ ಆದದ್ದಲ್ಲ ಅಂತಲೂ ಹೇಳಿದರು. ನನ್ನ ಗಂಡ ಅದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ನವೆಂಬರ್ ಮುಗಿಯುತ್ತ ಬಂದಿತ್ತು. ಮೇಡಮ್ ಬೆರಳು ಮಡಿಚಿ ತಿಂಗಳುಗಳನ್ನು ಎಣಿಸಿದರು, ಮುಖ ಸಪ್ಪಗಾಯಿತು. ಆಪರೇಷನ್ನಿನ ಕಡತಕ್ಕೆ ಮೂರು ತಿಂಗಳು ಕಿವಿಗೆ ಮಷಿನ್ ಹಾಕಿ ನೋಡಿದ ವರದಿ ಬೇಕಂತೆ, ಅದಿಲ್ಲದೆ ಕಡತ ತೆಗೆದುಕೊಳ್ಳುವುದಿಲ್ಲ. ಮಷಿನ್ ಅಲ್ಲಿಯೇ ಕಾರ್ಡಿನ ಮೇಲೆ ಸಿಕ್ಕಿತು. ಆ ಮೂರು ತಿಂಗಳಲ್ಲಿ ಮಗು ಸದ್ದಿನ ಕಡೆ ಗಮನ ಕೊಡಲು ಶುರುಮಾಡಿದೆ ಅಂತ ವರದಿಯಲ್ಲಿ ಬಂದರೆ ಕಡತಕ್ಕೆ ಬಲ ಬರುತ್ತದೆ. ಅಷ್ಟು ಹೇಳಿ, ನಾವು ಮಗಳ ಜೊತೆ ಕೈಯಲ್ಲಿ ಆಡುತ್ತಿದ್ದ ಮಾತನ್ನು ಸ್ವಲ್ಪ ಹೊತ್ತು ನೋಡುತ್ತ ಕೂತರು.

"ಅಕ್ಕಾರ, ಇವತ್ತಿನಿಂದ ಮನ್ಯಾಗ ಯಾರೂ ಕೈ ಮಾಡಬ್ಯಾಡ್ರಿ," ಅಂದರು. "ಕೈಲೆ ಎಲ್ಲಾ ತಿಳೀತಂದ್ರ ಇಕಿ ಕಿವಿ ಕಡೆ ಬರೂದ ಇಲ್ಲ. ಅಕಿ ಕೈ ಮಾಡಿದ್ರೂ ನೀವು ತಿಳೀದವರಂಗ ಇರ್ರಿ. ಕೈ ಹಿಡದ ಉಡ್ಯಾಗ ಇಡ್ರಿ, ಬಾಯಿಲೆ ಹೇಳ್ರಿ. ಭಾಳ ಕಷ್ಟ ಐತಿ, ನನಗ ಗೊತ್ತೈತ್ರಿ."

ಗೊತ್ತಿತ್ತೋ ಇಲ್ಲವೋ, ಮಾಡಿದವರು ನಾವು. ಅಡುಗೆಮನೆಗೆ ಹತ್ತಿರವಿದ್ದ ಎರಡು ಮಗ್ಗಗಳನ್ನು ನನ್ನ ಗಂಡ ನಿಲ್ಲಿಸಿಬಿಟ್ಟರು. ಕೈಯಾಡಿಸುವ ಚಟ ಬಿಡಲಿಕ್ಕೆ ಅತ್ತೆ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಕೂರುತ್ತಿದ್ದರು. ಮೊದಲ ದಿನ ಮಗಳು ಇದೇನೋ ಹೊಸ ಆಟ ಅಂತ ನಕ್ಕಳು. ನೀರು ಕೇಳಿದಳು, ನಾನು ಅವಳ ಕೈ ಹಿಡಿದು ಉಡಿಯಲ್ಲಿಟ್ಟು, ನೀರು, ನೀರು ಅಂತ ಮಷಿನ್ನಿನ ಹತ್ತಿರ ಬಾಯಿಟ್ಟು ಹೇಳಿದೆ. ಮತ್ತೆ ಕೇಳಿದಳು. ಮತ್ತೆ ಕೈ ಹಿಡಿದೆ. ಎರಡನೆಯ ದಿನ ನಗಲಿಲ್ಲ. ಮೂರನೆಯ ದಿನ ನನ್ನನ್ನು ಬಿಟ್ಟು ಅಜ್ಜಿಯ ಹತ್ತಿರ ಹೋದಳು, ಅಲ್ಲಿಯೂ ಅದೇ. 'ಏನಾತು ನಿಮಗ' ಅಂತ ಅಂಗೈ ತಿರುಗಿಸಿ ತಿರುಗಿಸಿ ಕೇಳುತ್ತ ಮನೆ ತುಂಬ ಓಡಾಡಿದಳು. ನಾವು ಮೂವರೂ ತಿಳಿಯದವರ ಹಾಗೆ ಅವಳ ಮುಖ ನೋಡುತ್ತ ನಿಂತೆವು. ಕಿವುಡರಿಗೆ ಹೇಳುವವರು ದನಿ ಏರಿಸುವಂತೆ ಅವಳು ಕೈಯನ್ನು ದೊಡ್ಡದಾಗಿ, ನಿಧಾನವಾಗಿ ಆಡಿಸಿ ತಿಳಿಸಲು ನೋಡಿದಳು.

ಆಮೇಲೆ ಕಚ್ಚಿದಳು, ಪರಚಿದಳು, ಮಷಿನ್ ಕಿತ್ತು ನೀರಿನ ಬಾನಿಯಲ್ಲಿ ಹಾಕಿದಳು, ಒರೆಸಿ ಒಣಗಿಸಿ ಮತ್ತೆ ಹಾಕಿದೆವು. ನನ್ನ ಮುಂಗೈ ಮೇಲೆ ಅವಳ ಹಲ್ಲಿನ ಗುರುತು ಈಗಲೂ ಇದೆ. ನನ್ನ ಗಂಡ ಎರಡು ಸಲ ಸೋತು, ಯಾರೂ ನೋಡದಾಗ ಮಗ್ಗದ ಹಿಂದೆ ಅವಳ ಜೊತೆ ಕೈಯಲ್ಲಿ ಮಾತಾಡಿದರು. ಸಿಕ್ಕಿಬಿದ್ದಾಗ ನಾನು ಅವರಿಗೆ ಆಡಬಾರದ ಮಾತೆಲ್ಲ ಆಡಿದೆ. ಮಗಳ ಜೀವನ ಹಾಳು ಮಾಡುವವರು ಅಂದೆ. ಅವರು ಹೋಗಿ ಮಗ್ಗಕ್ಕೆ ನಿಂತರು.

ಸಂಕ್ರಾಂತಿ ಕಳೆದ ಮೇಲೆ ಅವಳು ಕೈ ಮಾಡುವುದು ಕಡಿಮೆಯಾಗುತ್ತ ಬಂತು. ಬೇಕಾದದ್ದನ್ನು ತಾನೇ ಎಳೆದುಕೊಳ್ಳತೊಡಗಿದಳು, ಸಿಗದಿದ್ದರೆ ಬಿಟ್ಟುಬಿಡುತ್ತಿದ್ದಳು. ಒಂದು ದಿನ ಓಣಿಗೆ ಲಾರಿ ಬಂದು ಹಾರ್ನ್ ಹೊಡೆದಾಗ ತಲೆ ಎತ್ತಿದಳು. ನಾನು ಆಗ ಗೋಡೆಯ ಕಡೆ ಮುಖ ಮಾಡಿದ್ದೆ, ಅತ್ತೆ ಒಳಗಿದ್ದರು, ನನ್ನ ಗಂಡ ಮಗ್ಗದಲ್ಲಿದ್ದರು, ಯಾರ ಕಣ್ಣೂ ಅವಳಿಗೆ ಹೇಳಿರಲಿಲ್ಲ. ನಾವು ಮೂವರೂ ಅತ್ತೆವು. ಮೇಡಮ್ ಅದನ್ನು ದಿನ ಸಮೇತ ಬರೆದುಕೊಂಡರು. ಫೆಬ್ರುವರಿಯ ಕೊನೆಗೆ ಮೂರು ತಿಂಗಳು ತುಂಬಿ ಕಡತ ಹೋಯಿತು.

ಮಾರ್ಚಿಯ ಕೊನೆಯ ಗುರುವಾರ ನಾವು ದವಾಖಾನೆಗೆ ಹೋದಾಗ ಅದು ವಾಪಸು ಬಂದಿತ್ತು. ಕಡತ ಮೇಲಿನವರ ಮೇಜಿಗೆ ಮುಟ್ಟಿದ ದಿನಕ್ಕೆ ಮಗಳಿಗೆ ಆರು ತುಂಬಿ ಹನ್ನೊಂದು ದಿನವಾಗಿತ್ತಂತೆ. ಮೇಡಮ್ ಮೂರು ಕಡೆ ಫೋನ್ ಮಾಡಿದರು, ನಮ್ಮೆದುರಿಗೇ ಮಾಡಿದರು, ಮೂರು ಕಡೆಯೂ ಆಗುವುದಿಲ್ಲ ಅಂದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಹನ್ನೊಂದು ದಿನ ಅಂತ ಮನಸ್ಸು ಲೆಕ್ಕ ಹಾಕುತ್ತಿತ್ತು. ರೇಷನ್ ಕಾರ್ಡಿಗೆ ಎಷ್ಟು, ಆ ಚಪ್ಪಾಳೆಯವನಿಗೆ ಎಷ್ಟು, ಅಂಗನವಾಡಿಯಿಂದ ಮಗಳನ್ನು ಎತ್ತಿಕೊಂಡು ಬಂದ ನನ್ನ ಪೊಗರಿಗೆ ಎಷ್ಟು. ಎಲ್ಲ ಕಡೆಯೂ ಹನ್ನೊಂದಕ್ಕಿಂತ ಹೆಚ್ಚೇ ಇದ್ದವು.

ಇನ್ನು ಈ ಮಷಿನ್ನೇ ಗತಿ, ಅದರಿಂದ ಬರುವುದು ಲಾರಿಯ ಹಾರ್ನಿನಂಥ ದೊಡ್ಡ ಸದ್ದು ಮಾತ್ರ, ಮಾತು ಬರುವುದು ಕಷ್ಟ ಅಂದರು ಮೇಡಮ್. ಬಾಗಿಲವರೆಗೆ ನಮ್ಮ ಜೊತೆ ಬಂದರು.

"ಇನ್ನ ಕೈ ಮಾಡಿದ್ರ ನಡೀತೈತ್ರಿ ಅಕ್ಕಾರ," ಅಂದರು.

ಬಸ್ಸಿನಲ್ಲಿ ಮಗಳು ನಮ್ಮ ನಡುವೆ ಕೂತು, ಕೈಗಳನ್ನು ಉಡಿಯಲ್ಲಿಟ್ಟುಕೊಂಡು ಹೊರಗೆ ನೋಡುತ್ತಿದ್ದಳು. ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ನನ್ನ ಗಂಡ ಒಳಗೆ ಹೋಗಿ, ನಾಲ್ಕು ತಿಂಗಳಿಂದ ನಿಲ್ಲಿಸಿದ್ದ ಎರಡು ಮಗ್ಗಗಳನ್ನೂ ಹಚ್ಚಿದರು. ನಾಲ್ಕೂ ಕೂಡಿ ಬಡಿಯತೊಡಗಿದವು.

ನಾನು ಮಗಳನ್ನು ಅಡುಗೆಮನೆಯಲ್ಲಿ ಎದುರಿಗೆ ಕೂಡಿಸಿಕೊಂಡೆ. ಬಾ, ಏನು ತಿಂತೀ, ಏನು ಬೇಕೋ ಹೇಳು, ನಾನು ಮಾಡಿಕೊಡ್ತೀನಿ ಅಂತ ಎಲ್ಲವನ್ನೂ ಕೈಯಲ್ಲಿ ಹೇಳಿದೆ. ಅವಳು ನನ್ನ ಕೈಯನ್ನು ನೋಡಿದಳು. ಬಾಗಿಲ ಕಡೆ ತಿರುಗಿ ಅಜ್ಜಿ ನೋಡುತ್ತಿದ್ದಾಳೋ ಅಂತ ನೋಡಿದಳು. ಆಮೇಲೆ ಮುಂದೆ ಸರಿದು ನನ್ನ ಎರಡೂ ಕೈಗಳನ್ನು ಹಿಡಿದು, ಮೆಲ್ಲಗೆ ಕೆಳಗೆ ತಂದು ನನ್ನ ಉಡಿಯಲ್ಲಿಟ್ಟು ಒತ್ತಿ ಹಿಡಿದಳು. ನನ್ನ ಕಿವಿಯ ಹತ್ತಿರ ಮುಖ ತಂದು, ನಾವು ಮಾಡುತ್ತಿದ್ದ ಹಾಗೆಯೇ ಬಾಯಿ ತೆರೆದು ಮುಚ್ಚಿದಳು. ಮಗ್ಗಗಳು ನಡೆಯುತ್ತಿದ್ದವು. ಅವಳ ಬಾಯಿಂದ ಏನಾದರೂ ದನಿ ಬಂತೋ ಇಲ್ಲವೋ, ನನಗೆ ಕೇಳಿಸಲಿಲ್ಲ.